ಅಲ್ಫೋನ್ಸಾ ಎಣ್ಣೆ ತಿಕ್ಕಿದ ಜಪಾನಿ ಕಪಾಟು

ನಮ್ಮ ನೆರೆಯ ಅಲ್ಫೋನ್ಸಾಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಬಂದಿದ್ದರೆ ಬದುಕು ಸಲೀಸಾಗುತ್ತಿತ್ತು ಎಂದು ಅಕ್ಕನ ಸಲುಗೆಯಿಂದ ನಾನೇ ಬಯ್ದದ್ದುಂಟು.

ಇಚಿಲಂಪಾಡಿಯ ರಬ್ಬರು ಕೃಷಿಕ ಉತುಪ್ ಅವರ ಮಗಳು. ಒಂಬತ್ತು ವರ್ಷ ಆಸ್ಟ್ರಿಯಾದಲ್ಲಿದ್ದು, ಹಿಂದೆ ಸೀಮೆಯನ್ನೇ ಆಳಿದ್ದ ಮನೆತನದ ಅಜ್ಜಿಯೊಬ್ಬರನ್ನು ನೋಡಿಕೊಂಡಳು. ಅಜ್ಜಿಯ ಕೋಣೆಯಲ್ಲಿ ಮುನ್ನೂರು ವರ್ಷ ಹಳೆಯ ಜಪಾನಿ ಕಪಾಟು. ಮರದ ಹಾಲನ್ನು ಪದರ ಪದರವಾಗಿ ಬಳಿದು ತಂದ ಕಪ್ಪು ಹೊಳಪು, ಅದರ ಮೇಲೆ ಬಂಗಾರದ ಕೊಕ್ಕರೆಗಳು. ಗರಿಯಿಂದ ಧೂಳು ಕೊಡವಬಹುದು, ಕೈ ಸೋಕಿಸಬಾರದು. ಅದು ಆ ಮನೆಯ ಕಟ್ಟಳೆ.

ಮೊದಲ ಚಳಿಗಾಲದಲ್ಲೇ ಹೀಟರಿನ ಒಣಗಾಳಿಗೆ ಅಜ್ಜಿಯ ತುಟಿ ಒಡೆಯಿತು, ಕಪಾಟಿನಲ್ಲೂ ಕೂದಲೆಳೆಯಂಥ ಬಿರುಕು ಕಂಡಿತು. ಇವಳಿಗೆ ಎರಡನ್ನೂ ನೋಡಲಾಗಲಿಲ್ಲ. ಊರಲ್ಲಿ ಮಳೆಗಾಲ ಮುಗಿದ ಕೂಡಲೇ ಉತುಪ್ ಹಲಸಿನ ಮಂಚ, ಪೆಟ್ಟಿಗೆಗಳ ಬೂಸರು ಒರೆಸಿ ತೆಂಗಿನೆಣ್ಣೆ ತಿಕ್ಕುವವರು. "ಮರಕ್ಕೂ ಬಾಯಾರಿಕೆ ಉಂಟು ಮೋಳೇ" ಎಂದು ಮಗಳಿಗೆ ಹೇಳುವವರು. ಮಗಳು ಕಪಾಟಿಗೂ ಹಾಗೆಯೇ ತಿಕ್ಕಿದಳು.

ಮರುದಿನ ಕೊಕ್ಕರೆಗಳ ಮೇಲೆಲ್ಲ ಮಬ್ಬು. ಅಜ್ಜಿಯ ಮಗ ಪಟ್ಟಣದಿಂದ ಓಡಿಬಂದು ಕಸ ಗುಡಿಸುವ ಹೆಂಗಸನ್ನು ಗದರಿಸತೊಡಗಿದ. ಅಲ್ಫೋನ್ಸಾ ಮುಂದೆ ಬಂದು, ತಿಕ್ಕಿದ್ದು ನಾನು ಎಂದಳು.

"ಸುಮ್ಮನೆ ಇರ್ಲಿಕ್ಕೆ ನಿನಗೆಂತ ಆಗಿತ್ತು ಮಾರಾಯ್ತಿ?" ಎಂದು, ಅವಳು ಊರಿಗೆ ಬಂದು ಇದನ್ನು ಹೇಳುವಾಗ ನಾನು ಕೇಳಿದೆ.

"ಆ ಹೆಂಗಸಿಗೆ ಸಣ್ಣ ಮಕ್ಕಳುಂಟು ಚೇಚಿ. ನಾನು ಮಾಡಿದ್ದಕ್ಕೆ ಅವಳು ಬೈಸಿಕೊಳ್ಳುದಾ?"

ಅಜ್ಜಿಯ ಮಗ ನಾಳೆಯೇ ಹೊರಡು ಎಂದ. ಕೆಲಸ ಹೋದದ್ದಕ್ಕೆ ಇವಳು ಅಳಲಿಲ್ಲ. ಅಜ್ಜಿ ಬೇರೆ ಯಾರು ಚಮಚ ಹಿಡಿದರೂ ಬಾಯಿ ತೆರೆಯುತ್ತಿರಲಿಲ್ಲ, ಅದನ್ನು ನೆನೆದು ಅತ್ತಳು.

ಅಷ್ಟರಲ್ಲಿ ಅಜ್ಜಿ ತಮ್ಮ ಗಾಲಿಕುರ್ಚಿಯನ್ನು ಕಪಾಟಿನ ಹತ್ತಿರ ದೂಡಲು ಹೇಳಿದರು. ಐದು ವರ್ಷದವರಿದ್ದಾಗ ಇದನ್ನು ಮುಟ್ಟಲು ಹೋಗಿ ಅಪ್ಪನಿಂದ ಪೆಟ್ಟು ತಿಂದಿದ್ದರಂತೆ. ಆಮೇಲೆ ಎಂಬತ್ತು ವರ್ಷ ಇದರೊಂದಿಗೇ ಮಲಗಿ ಎದ್ದರೂ ಮುಟ್ಟಲಿಲ್ಲ. "ಈ ಮನೆಯಲ್ಲಿ ಇದರ ಮೈ ಹೇಗಿದೆ ಎಂದು ನೋಡಿದವಳು ಇವಳೊಬ್ಬಳೇ" ಎಂದು ಮಗನಿಗೆ ಹೇಳಿ, ಅಂಗೈಯನ್ನು ಕಪಾಟಿನ ಮೇಲಿಟ್ಟರು. ಇಷ್ಟು ನುಣುಪೆಂದು ಗೊತ್ತೇ ಇರಲಿಲ್ಲ ಎಂದರು.

ಹೊರಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮಗ ಹತ್ತಿರ ಬಂದು, ತಾಯಿಯ ಕೈಯ ಪಕ್ಕದಲ್ಲಿ ತನ್ನ ಕೈಯನ್ನೂ ಇಟ್ಟ. ಅವನಿಗಾಗ ಅರುವತ್ತು ದಾಟಿತ್ತು. ಅವನು ಅದನ್ನು ಮುಟ್ಟಿದ್ದು ಅದೇ ಮೊದಲು.