ಅಮ್ಮನ ನೆನಪಿಗೆ ಕೋಚಿಂಗ್

"ಅಮ್ಮಾ, ಈಗ ಯಾವ ಋತು?"

ಕೇಳಿದ್ದು ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆ ಮಾಡುವ ಮೇಡಂ. ಉತ್ತರಿಸಬೇಕಾದವರು ಮೂವತ್ತು ವರ್ಷ ಮಂಗಳೂರಿನ ಮಾರ್ಕೆಟಿನಲ್ಲಿ ಮೀನು ಮಾರಿದ ನನ್ನ ಅಮ್ಮ. ಎರಡು ಸಲ ಗ್ಯಾಸ್ ಆರಿಸಲು ಮರೆತಿದ್ದರು. ಪಡೀಲಿನಲ್ಲಿರುವ ನನ್ನ ತಂಗಿಯ ಮನೆಗೆಂದು ಹೊರಟವರು ನಡುವೆ ನಂತೂರಿನಲ್ಲೇ ಬಸ್ಸಿಳಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಂದು ಗಂಟೆ ನಿಂತಿದ್ದರು. ಹಾಗಾಗಿ ಈ ಪರೀಕ್ಷೆ.

"ಬೋಟೆಲ್ಲ ದಡದಲ್ಲಿ ಉಂಟಲ್ಲ, ಆ ಸಮಯ" ಎಂದರು ಅಮ್ಮ.

ಜುಲೈ ತಿಂಗಳು. ಮಳೆಗಾಲವೆಂದು ಮೀನುಗಾರಿಕೆಗೆ ರಜೆ. ಇದಕ್ಕಿಂತ ಸರಿಯುತ್ತರ ಬೇಕಾ? ಬೇಕಂತೆ. 'ವರ್ಷ ಋತು' ಎನ್ನಬೇಕಿತ್ತು. ಸೊನ್ನೆ!

ಯಾವುದೋ ದೇಶದ ಇಂಗ್ಲಿಷ್ ಪ್ರಶ್ನೆಪತ್ರಿಕೆ. ಕನ್ನಡ ಮಾಡಿದವರು ಭಾರೀ ಪಂಡಿತರಿರಬೇಕು. ನಮ್ಮ ಮನೆಯಲ್ಲಿ ತುಳು. (ಅಮ್ಮನ ಮಾತನ್ನು ಕನ್ನಡದಲ್ಲಿ ಬರೆಯುತ್ತಿರುವ ನಾನೂ ಅವರ ಎಷ್ಟು ಮಾರ್ಕು ಕಳೆಯುತ್ತಿದ್ದೇನೋ!) ಒಟ್ಟು ಮೂವತ್ತಕ್ಕೆ ಹದಿನೇಳು ಬಂತು.

"ಭಾಷೆಯಿಂದಲೂ ಕಮ್ಮಿ ಬಂದಿರಬಹುದು. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವ. ಆಗಲೂ ಹೀಗೇ ಇದ್ದರೆ ಸ್ಕ್ಯಾನ್ ಮಾಡಿ ಮದ್ದು ಶುರು ಮಾಡುವ" ಎಂದರು ಡಾಕ್ಟರು.

ಸಂಜೆ ತಂಗಿಯ ಫೋನು. "ಹದಿನೇಳಾ? ಎಂತ ಅಣ್ಣ ಇದು? ನಮ್ಮ ಪಕ್ಕದ ಮನೆಯ ಅಜ್ಜಿಗೇ ಇಪ್ಪತ್ತನಾಲ್ಕು ಬಂದಿದೆಯಂತೆ!"

ಮಂಗಳೂರಿನವರಿಗೆ ಹೇಳಬಾರದ ಮಾತು ಇದು. ಸರ್ಕಲ್‌ಗೊಂದರಂತೆ ರ‍್ಯಾಂಕ್ ಬಂದ ಮಕ್ಕಳ ಫ್ಲೆಕ್ಸ್ ನೋಡಿಕೊಂಡೇ ಬದುಕುವ ಜನ ನಾವು. ಅಮ್ಮನ ಕಾಯಿಲೆ ಅಲ್ಲಿಗೆ ಮರೆತುಹೋಯಿತು. ತಲೆಯಲ್ಲಿ ಉಳಿದದ್ದು ಮಾರ್ಕು ಮಾತ್ರ.

ಮರುದಿನವೇ ದೇರೆಬೈಲಿನ ನಮ್ಮ ಮನೆಯಲ್ಲಿ ಕೋಚಿಂಗ್ ಶುರು. ಟೀಚರು, ಪಿಯುಸಿ ಓದುವ ನನ್ನ ಮಗಳು. ಪರೀಕ್ಷೆಯಲ್ಲಿ ನೆನಪಿಟ್ಟು ಹೇಳಬೇಕಾದ ಐದು ಶಬ್ದ ನಾನು ಪಕ್ಕದಲ್ಲಿ ಕೂತು ಕೇಳಿ ತಂದಿದ್ದೆ: ಮಾವು, ಕೊಡೆ, ಕುದುರೆ, ನೀಲಿ, ಬಾಗಿಲು. ಬೆಳಿಗ್ಗೆ ಚಾದೊಟ್ಟಿಗೆ ಒಮ್ಮೆ, ಸಂಜೆ ಧಾರಾವಾಹಿಗೆ ಮೊದಲು ಒಮ್ಮೆ. ಪರೀಕ್ಷೆಯಲ್ಲಿ ಬಿಡಿಸಲು ಹೇಳಿದ್ದ ಗಡಿಯಾರದ ಚಿತ್ರ ದಿನಕ್ಕೆ ಹತ್ತು. ಭಾನುವಾರ ಮಾಕ್ ಟೆಸ್ಟ್! ಅಕ್ಟೋಬರಿನಲ್ಲಿ ಯಾವ ಋತು? ಮೊಬೈಲಿನಲ್ಲಿ ಹುಡುಕಿ 'ಶರದೃತು' ಎಂದು ಕಲಿಸಿದೆವು. (ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ನೆನಪನ್ನು ಯಾರೂ ಪರೀಕ್ಷಿಸಲಿಲ್ಲ, ಬಚಾವ್.)

ಅಕ್ಟೋಬರ್ ಬಂತು. ಅದೇ ಮೇಡಂ, ಅದೇ ಪತ್ರಿಕೆ, ಅದೇ ಐದು ಶಬ್ದ. ಮೇಡಂ ಪ್ರಶ್ನೆ ಮುಗಿಸುವ ಮೊದಲೇ ಅಮ್ಮನ ಉತ್ತರ. ಇಪ್ಪತ್ತೇಳು!

"ಭಾರೀ ಇಂಪ್ರೂವ್‌ಮೆಂಟ್ ಉಂಟು ಮಾರಾಯ್ರೆ! ಸ್ಕ್ಯಾನ್, ಮದ್ದು ಎಲ್ಲ ಈಗ ಬೇಡ. ಒಂದು ವರ್ಷ ಬಿಟ್ಟು ಬನ್ನಿ" ಎಂದರು ಡಾಕ್ಟರು.

ಒಂದೇ ಪತ್ರಿಕೆಯನ್ನು ಎರಡು ಸಲ ಕೊಟ್ಟರೆ ಎರಡನೆಯ ಸಲ ಹೆಚ್ಚು ಮಾರ್ಕು ಬರುತ್ತದೆಂದು ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಅಷ್ಟು ಓದಿದ ಡಾಕ್ಟರಿಗೆ ಹೊಳೆಯಲಿಲ್ಲವಾ? ಹೋಗಲಿ, ನಾನಾದರೂ ಕೋಚಿಂಗ್ ವಿಷಯ ಬಾಯಿಬಿಟ್ಟೆನಾ? ಇಲ್ಲ. ದಾರಿಯಲ್ಲಿ ಲಾಡು ಕಟ್ಟಿಸಿಕೊಂಡು, ತಂಗಿಗೆ ಫೋನು ಮಾಡಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಮೊನ್ನೆ ಮಗಳು ಅಮ್ಮನಿಗೆ ಚಾ ಕೊಟ್ಟು ಒಳಗೆ ಹೋದಳು. ಅವಳು ಹೋದ ಕಡೆಗೇ ನೋಡುತ್ತಿದ್ದ ಅಮ್ಮ ಮೆಲ್ಲಗೆ ನನ್ನನ್ನು ಕೇಳಿದರು.

"ಪಾಪದ ಹುಡುಗಿ, ಚಂದ ಕಲಿಸ್ತಾಳೆ. ಯಾರ ಮಗಳು ಮಗಾ ಅವಳು?"

 

ನಾಳೆ ಅಮ್ಮನನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಅವರು ಪುನಃ ಫಸ್ಟ್ ಕ್ಲಾಸಿನಲ್ಲಿ ಪಾಸಾದರೆ ಏನು ಮಾಡಲಿ?