ಟೇಪಣ್ಣ ತುಳಿದ ಹೊಳೆ

ನಮ್ಮ ಬೀದಿಯ ಟೈಲರ್ ಎಷ್ಟು ಸಣಕಲನೆಂದರೆ, ಗಾಳಿ ಜೋರಾದ ದಿನ ಹೆಂಡತಿ ಅವನ ಜೇಬಿಗೆ ದೊಡ್ಡ ಕತ್ತರಿ ಹಾಕಿಯೇ ಹೊರಗೆ ಕಳಿಸುತ್ತಾಳೆ. ಕುತ್ತಿಗೆಯಿಂದ ಅಳತೆಯ ಟೇಪು ಇಳಿದದ್ದನ್ನು ಕಂಡವರಿಲ್ಲ, ಹಾಗಾಗಿ ಟೇಪಣ್ಣ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದನ್ನು ಕಂಡವರೂ ಇಲ್ಲ. ಮದುಮಗ ಹೊಲಿಯಲು ಕೊಟ್ಟ ಕೋಟು ಅವನ ಮೊಮ್ಮಗನ ಮದುವೆಗೆ ಕೈಸೇರಿದ್ದುಂಟು. ನನ್ನ ಕೋಟಿನ ಹರಿದ ಜೇಬಿಗೆ "ನಾಳೆ ಹೊಲಿಗೆ ಹಾಕ್ತೀನಿ" ಎನ್ನುತ್ತ ಎನ್ನುತ್ತ ಕೋಟಿಗೇ ಮುಪ್ಪು ಬಂತು.

ಅವನ ಅಂಗಡಿಯೆಂದರೆ ಒಂದು ಹೊಲಿಗೆ ಯಂತ್ರ, ಪಕ್ಕದಲ್ಲಿ ಗುಂಡಿ ಹಾಕುತ್ತ ಕೂತ ಹೆಂಡತಿ, ಕಿಟಕಿಯಲ್ಲಿ ಸದಾ ಹಾಡುವ ಮೊಬೈಲು. ಅದರಲ್ಲಿ ಹಾಡುವವಳು ಒಬ್ಬಳೇ. ಯಾವ ಕಂಪನಿಯ ಹಂಗೂ ಇಲ್ಲದೆ, ಜನಪದದ ಧಾಟಿಯಲ್ಲಿ ತಾನೇ ಹಾಡು ಕಟ್ಟಿ, ಗಿಟಾರು ಮೀಟುತ್ತ ಊರೂರು ಅಲೆಯುವವಳು. ಅವಳ ಹೊಳೆಯ ಹಾಡೆಂದರೆ ಟೇಪಣ್ಣನಿಗೆ ಪ್ರಾಣ. "ದಡವೇ, ನೀನೇ ಒಂಚೂರು ಈಚೆ ಬಾ" ಎಂದು ಅವಳು ಕರೆಯುವಾಗ ಅವನ ಕಣ್ಣು ಅರೆಮುಚ್ಚುತ್ತದೆ, ಕಾಲು ತುಳಿಯುತ್ತಲೇ ಇರುತ್ತದೆ, ಯಾರದೋ ಪ್ಯಾಂಟಿಗೆ ಮೂರನೆಯ ಕಾಲು ಮೂಡಿಬಿಡುತ್ತದೆ.

ಆ ಹಾಡನ್ನು ಒಮ್ಮೆ ಅವಳೆದುರೇ ಕೂತು ಕೇಳಬೇಕು, ಅದೊಂದೇ ಅವನ ಆಸೆ. ಕೊನೆಗೂ ಅವಳು ನಮ್ಮೂರಿಗೆ ಬಂದಳು. ಅಂಗಡಿಗೆ ಬೀಗ ಬಿತ್ತು.

"ಹಾಡು ಕೇಳೋಕೆ ಹೊರಟಿದ್ದೀರೋ, ಆಯಮ್ಮನ ಅಳತೆ ತಗೊಳ್ಳೋಕೋ? ತೆಗೀರಿ ಆ ಟೇಪು!" ಎಂದಳು ಹೆಂಡತಿ.

"ಇರ್ಲಿ ಬಿಡೇ. ಇದಿಲ್ದಿದ್ರೆ ಕತ್ತು ಬೋಳು ಬೋಳು."

ಸಭಾಂಗಣದ ನೆಲ ಮರದ್ದು, ಕುರ್ಚಿಗಳು ಒಂದಕ್ಕೊಂದು ಬೆಸೆದವು. ಟೇಪಣ್ಣನ ಒಂದು ಪಕ್ಕ ಹೆಂಡತಿ, ಇನ್ನೊಂದು ಪಕ್ಕ ಅದೇ ಹರಕು ಜೇಬಿನ ಕೋಟು ತೊಟ್ಟ ನಾನು. ದೀಪ ಮಬ್ಬಾಯಿತು. ಆ ಮಬ್ಬಿನಿಂದ ಹೊಳೆಯ ಹಾಡು ಮಂಜಿನ ಹಾಗೆ ಎದ್ದು ನಮ್ಮ ಮೊಣಕಾಲಿನವರೆಗೂ ಬಂತು. ಮುಂದಿನ ಸಾಲಿನ ಒಬ್ಬರು ಆಕಳಿಸಲು ತೆರೆದ ಬಾಯನ್ನು ಮುಚ್ಚುವುದನ್ನೇ ಮರೆತರು. ಟೇಪಣ್ಣ ಮಾತ್ರ ಸಂತೆಯಲ್ಲಿ ಕೈತಪ್ಪಿದ ಮಗುವಿನಂತೆ ಅತ್ತಿತ್ತ ನೋಡಿದ.

"ಇದಲ್ಲ ಕಣೇ."

"ಏನಲ್ಲ?"

"ನನ್ನ ಹಾಡು ಇದಲ್ಲ. ಅಸ್ತರಿಲ್ಲದ ಕೋಟಿನ ಹಾಗಿದೆ. ಏನೋ ಕಮ್ಮಿ."

ಹೇಳುತ್ತಿದ್ದಂತೆ ಅವನ ಕಾಲು ತಾನಾಗಿ ಶುರುವಾಯಿತು. ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ನೆಲ ಟಕಟಕ ಎಂದಿತು, ಮುಖ ಅರಳಿತು. ಇಷ್ಟು ವರ್ಷ ಯಂತ್ರದ ಸದ್ದಿಲ್ಲದೆ ಅವನು ಆ ಹಾಡು ಕೇಳಿದ್ದೇ ಇಲ್ಲ. ತುಳಿಯದಿದ್ದರೆ ಅವನ ಪಾಲಿಗೆ ಹೊಳೆ ಹರಿಯುವುದೇ ಇಲ್ಲ!

ನಮ್ಮ ಸಾಲು ಹಳೇ ಬಸ್ಸಿನ ಹಾಗೆ ಅಲುಗಿತು. ಆಕಳಿಕೆಯವರು ಬಾಯಿ ಮುಚ್ಚಿಕೊಂಡು ತಿರುಗಿದರು.

"ಏನ್ ಸ್ವಾಮಿ, ಬಸ್ ಹೊರಡ್ತಾ? ನಿಲ್ಸಿ ಕಾಲು!"

ಟೇಪಣ್ಣ ನಿಲ್ಲಿಸಿದ. ಮುಖದ ಹೊಳೆ ಇಂಗಿಹೋಯಿತು. ಏಳಲು ಹೊರಟವನನ್ನು ಹೆಂಡತಿ ತೋಳು ಹಿಡಿದು ಕೂರಿಸಿದಳು. ಬಗ್ಗಿ ಅವನ ಷೂ ಎರಡನ್ನೂ ಕಳಚಿ, ತನ್ನ ಶಾಲು ಮಡಿಸಿ ಪಾದದಡಿ ಹಾಸಿದಳು.

"ಈಗ ತುಳೀರಿ. ಮೆತ್ತಗೆ."

"ನಿಂಗೆ ಹೆಂಗೆ ಗೊತ್ತಾಯ್ತೇ?"

"ನಂಗೇನು ಕಿವಿ ಇಲ್ವಾ? ಪಕ್ಕದಲ್ಲೇ ಕೂತು ಗುಂಡಿ ಹಾಕಿದೋಳು. ನಂಗೂ ಬೋಳು ಬೋಳು ಅನ್ನಿಸ್ತು. ತುಳೀರೀ, ದಡ ಬಂತು!"

ತುಳಿದ. ಸದ್ದಿಲ್ಲ. ಪಕ್ಕದಲ್ಲಿ ಅವಳ ಬೆರಳುಗಳು ಕಾಣದ ಸೂಜಿ ಹಿಡಿದು ಕತ್ತಲಿಗೆ ಗುಂಡಿ ಹಾಕತೊಡಗಿದವು. ಗಾಯಕಿ ಕರೆದಳು, ದಡ ಬಂತು. ನಾನೇ ನೋಡಿದೆ. ಎದುರಿನ ಗೋಡೆ ಮೆಲ್ಲಗೆ ಈಚೆ ಸರಿದು, ಟೇಪಣ್ಣನ ಪಾದಕ್ಕೆ ತಾಗಿ ನಿಂತಿತು. ಅವನ ಕಣ್ಣು ಅರೆಮುಚ್ಚಿತ್ತು.

ಮನೆಗೆ ಬಂದು ಕೋಟು ಕಳಚಿದರೆ ಜೇಬಿನ ಹರಕು ಮಾಯ! ಒಪ್ಪವಾದ ಹೊಲಿಗೆ ಬಿದ್ದಿತ್ತು, ಜೇಬಿನ ಬಾಯನ್ನೂ ಸೇರಿಸಿ. ಕೈ ಹಾಕುವಂತಿಲ್ಲ. ಬಿಚ್ಚಿಕೊಡಪ್ಪ ಎಂದರೆ ಟೇಪಣ್ಣ ಯಂತ್ರದಿಂದ ತಲೆಯೆತ್ತದೆ ಹೇಳುತ್ತಾನೆ, "ನಾಳೆ ಬನ್ನಿ."