ಸ್ಪ್ರಿಂಗು ಹಾರಿದ ಭಾನುವಾರ

ಹೋದ ತಿಂಗಳು ಬಿಳಿಕೆರೆಯಲ್ಲಿ ನಮ್ಮ ಅವ್ವ ನನ್ನ ಕಾರಿನಿಂದ ಇಳಿದು ಬಸ್ಸು ಹತ್ತಿದಳು.

ಜಗಳವೇನೂ ಆಗಿರಲಿಲ್ಲ. ಮೈಸೂರಿನಲ್ಲಿ ಅವಳ ಸೊಂಟ ತೋರಿಸಿಕೊಂಡು ಹುಣಸೂರಿಗೆ ವಾಪಸಾಗುತ್ತಿದ್ದೆವು. ಟೀ ಕುಡಿಯಲು ನಿಲ್ಲಿಸಿದೆ. ಅವ್ವ ಟೀ ಮುಗಿಸಿ, ಚೀಲ ಹೆಗಲಿಗೇರಿಸಿದಳು. "ನೀನು ನಿಧಾನಕ್ಕೆ ಬಾ ಮಗ. ನಿನ್ ಕಾರಲ್ಲಿ ಕೂತ್ರೆ ಡಾಕ್ಟ್ರು ಕೊಟ್ಟಿರೋ ಮಾತ್ರೆ ಸಾಲಕಿಲ್ಲ" ಎಂದವಳೇ ಆಗ ತಾನೇ ಬಂದು ನಿಂತ ಬಸ್ಸಿನತ್ತ ನಡೆದುಬಿಟ್ಟಳು. (ಟಿಕೆಟ್ಟೂ ಫ್ರೀ. ಯಾವ ಬಾಯಲ್ಲಿ ತಡೆಯಲಿ?) ಖಾಲಿ ಸೀಟು ಪಕ್ಕದಲ್ಲಿಟ್ಟುಕೊಂಡು ಆ ಬಸ್ಸಿನ ಹಿಂದೆಯೇ ದಡಬಡ ಸದ್ದು ಮಾಡುತ್ತಾ ಊರು ಸೇರಿದೆ.

ಅವ್ವನದೇನೂ ತಪ್ಪಿಲ್ಲ. ಮುಂದಿನ ಎರಡೂ ಚಕ್ರಗಳ ಶಾಕ್ ಅಬ್ಸಾರ್ಬರ್ ಸತ್ತುಹೋಗಿದ್ದವು. ಹಂಪ್ ಬಂತೆಂದರೆ ಕಾರಿನ ಮೂತಿ ನೆಲಕ್ಕೆ ಕುಕ್ಕಿ ಏಳುತ್ತಿತ್ತು. ನಮ್ಮ ರಸ್ತೆಗಳಲ್ಲಿ ಹಂಪ್ ಬರುವುದಿಲ್ಲ, ಹಂಪ್‌ಗಳ ನಡುವೆ ಆಗಾಗ ರಸ್ತೆ ಬರುತ್ತದೆ.

ಗ್ಯಾರೇಜಿಗೆ ಬಿಡಬಹುದಿತ್ತು. ನನ್ನ ಹೆಂಡತಿ ಸುಧಾ ಅದನ್ನೇ ಹೇಳಿದಳು. ಆದರೆ ಬಸ್ಸಿನ ಎದುರು ಸೋತವನಿಗೆ ಬರೀ ರಿಪೇರಿ ಸಾಲುತ್ತದೆಯೇ? ಮರ್ಯಾದೆಯೂ ವಾಪಸು ಬರಬೇಕಲ್ಲ! ಫೋನಿನಲ್ಲಿ ವಿಡಿಯೋ ನೋಡಿದೆ. ಯಾರೋ ಪುಣ್ಯಾತ್ಮ ಬಿಳಿ ಅಂಗಿ ತೊಟ್ಟು, ಹಿಂದೆ ಸಂಗೀತ ಹಾಕಿಕೊಂಡು, ನಾನು ಕಾಫಿ ಮುಗಿಸುವಷ್ಟರಲ್ಲಿ ಎರಡನ್ನೂ ಬದಲಿಸಿಬಿಟ್ಟ. ನಾನೋ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಸ್ಪ್ರಿಂಗಿನಲ್ಲಿ ಶಕ್ತಿ ಹೇಗೆ ಅಡಗಿರುತ್ತದೆ ಅಂತ ವರ್ಷವರ್ಷವೂ ಬೋರ್ಡ್ ತುಂಬಾ ಬರೆಯುವವನು. ನನಗೆ ಬಾರದೆ?

ಹೊಸ ಜೊತೆ ಶಾಕ್ ಅಬ್ಸಾರ್ಬರ್ ತಂದಿಟ್ಟುಕೊಂಡು, ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಕಾರಿಗೆ ಜಾಕ್ ಕೊಟ್ಟೆ. ಚಕ್ರದ ನಟ್ಟು ತಿರುಗಿಸಿದರೆ ನಟ್ಟಿನ ಜೊತೆ ಚಕ್ರವೂ ತಿರುಗಿತು. ನೆಲದ ಮೇಲಿರುವಾಗಲೇ ನಟ್ಟು ಸಡಿಲ ಮಾಡಿಕೊಳ್ಳಬೇಕಿತ್ತಂತೆ. ಕಾರು ಇಳಿಸಿದೆ, ಸಡಿಲಿಸಿದೆ, ಮತ್ತೆ ಎತ್ತಿದೆ. ಒಳಗಿನ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. (ವಿಡಿಯೋಗಳಲ್ಲಿ ಯಾಕೆ ಯಾವ ಬೋಲ್ಟಿಗೂ ತುಕ್ಕು ಹಿಡಿದಿರುವುದಿಲ್ಲ?) ಸ್ಪ್ಯಾನರ್ ಮೇಲೆ ಹತ್ತಿ ನಿಂತೆ. ಬೋಲ್ಟು ಬಿಟ್ಟಿತು, ನಾನು ಬಿದ್ದೆ. ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಅವ್ವ ತಲೆ ಎತ್ತಿ ನೋಡಿ ಮತ್ತೆ ಕಾಯಿಗೆ ಕೈ ಹಾಕಿದಳು.

ಅಂತೂ ಒಂದು ಕಡೆಯದು ಹೊರಗೆ ಬಂತು. ಉದ್ದನೆಯ ಕೊಳವೆ, ಅದರ ಸುತ್ತ ಅದುಮಿ ಕೂರಿಸಿದ ದಪ್ಪ ಸ್ಪ್ರಿಂಗು. ಸ್ಪ್ರಿಂಗನ್ನು ಎರಡು ಪಕ್ಕದಿಂದಲೂ ಕ್ಲಾಂಪ್ ಹಾಕಿ ಬಿಗಿದು ಕುಗ್ಗಿಸಿ, ಆಮೇಲೆ ತಲೆಯ ಮೇಲಿನ ನಟ್ಟು ಬಿಚ್ಚಬೇಕು. ಗೆಳೆಯನೊಬ್ಬನಿಂದ ತಂದಿದ್ದ ಎರಡು ಕ್ಲಾಂಪುಗಳಲ್ಲಿ ಒಂದು ತಿರುಗಲೇ ಇಲ್ಲ. ಒಂದೇ ಸಾಕು ಅಂದುಕೊಂಡೆ. ಬಿಗಿದೆ. ಸ್ಪ್ರಿಂಗು ಒಂದು ಕಡೆಗೆ ವಾಲಿಕೊಂಡಿತು. ಅದೂ ಕಣ್ಣಿಗೆ ಕಂಡಿತು. ಆದರೂ ನಟ್ಟಿಗೆ ಕೈ ಹಾಕಿದೆ.

ಪಟಾಕಿ ಸಿಡಿದಂಥ ಸದ್ದು. ನನ್ನ ಕಿವಿಯ ಪಕ್ಕದಲ್ಲೇ ಏನೋ ಹಾದುಹೋಯಿತು. ಕಣ್ಣು ಬಿಟ್ಟಾಗ ಜಗಲಿಯ ಗೋಡೆಯ ಗಾರೆ ಕಿತ್ತು ಇಟ್ಟಿಗೆ ಕಾಣುತ್ತಿತ್ತು. ಸ್ಪ್ರಿಂಗು ಅವರೆಕಾಯಿಯ ಬುಟ್ಟಿಯ ಮೇಲೆ ಬಿದ್ದಿತ್ತು. ಬುಟ್ಟಿ ಚಪ್ಪಟೆಯಾಗಿತ್ತು.

ಅವ್ವ ಅಲ್ಲಿರಲಿಲ್ಲ. ಹಾಲು ಉಕ್ಕುತ್ತಿದೆಯೆಂದು ಆಗಷ್ಟೇ ಒಳಗೆ ಎದ್ದುಹೋಗಿದ್ದಳು.

ಬಾಗಿಲಲ್ಲಿ ಸುಧಾ ನಿಂತಿದ್ದಳು. ಬೈಯಲಿಲ್ಲ. "ಅತ್ತೆ ಅಲ್ಲೇ ಕೂತಿದ್ರು ಕಣ್ರೀ" ಎಂದಳು, ಅಷ್ಟೇ. ನಾನು ಸ್ಪ್ಯಾನರ್ ನೆಲಕ್ಕಿಟ್ಟೆ.

ಅವ್ವ ಹೊರಗೆ ಬಂದು ಬುಟ್ಟಿ ನೋಡಿದಳು. "ಬುಡ್ಸಿದ್ನೆಲ್ಲಾ ಚೆಲ್ಬುಟ್ಟಲ್ಲೋ" ಎಂದು ಕಾಳು ಆರಿಸಲು ಕೂತಳು. ಗೋಡೆಯ ಕಡೆ ತಿರುಗಲೇ ಇಲ್ಲ. ನಾನೂ ಪಕ್ಕದಲ್ಲಿ ಮಂಡಿಯೂರಿ ಕಾಳು ಆರಿಸಿದೆ. ಅವಳ ಮುಖ ನೋಡುವ ಧೈರ್ಯ ಬರಲಿಲ್ಲ.

ಆಮೇಲೆ ಹೋಗಿ ಒಂದು ಜೊತೆ ಹೊಸ ಕ್ಲಾಂಪ್ ತಂದೆ. ಅವ್ವನನ್ನು ಹಿತ್ತಿಲಿಗೆ ಸಾಗಹಾಕಿ, ನಾನೊಂದು ಕಡೆ, ಸುಧಾ ಒಂದು ಕಡೆ, ಸಮಸಮನಾಗಿ ಬಿಗಿದೆವು. ಸಂಜೆಯ ಹೊತ್ತಿಗೆ ಎರಡೂ ಹೊಸ ಶಾಕ್ ಅಬ್ಸಾರ್ಬರ್ ಕೂತವು. ಸ್ಟೀರಿಂಗು ಎಡಕ್ಕೆ ಎಳೆಯುತ್ತಿದ್ದರಿಂದ ಮಾರನೆಯ ದಿನ ಅಲೈನ್‌ಮೆಂಟಿಗೆ ಅದೇ ಗ್ಯಾರೇಜಿನ ಮುಂದೆ ಹೋಗಿ ನಿಂತೆ ಅನ್ನುವುದು ಬೇರೆ ಮಾತು.

ಮುಂದಿನ ವಾರ ಕೆ.ಆರ್. ನಗರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ಅವ್ವ ಮುಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಲೇ ಬಂದಳು. ಇನ್ನೇನು ಬೇಕು? ಊಟದ ಪಂಕ್ತಿಯಲ್ಲಿ ಶುರುಮಾಡಿದೆ. ಗ್ಯಾರೇಜು ಯಾಕೆ, ನಾನೇ ಹಾಕಿದೆ, ಒಂದು ಭಾನುವಾರದ ಕೆಲಸ ಅಷ್ಟೇ. ಬೋಲ್ಟಿನ ಕಥೆ ಹೇಳಿದೆ, ಬಿದ್ದಿದ್ದನ್ನೂ ಹೇಳಿ ನಗಿಸಿದೆ. ಗೋಡೆಯ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಸುಧಾ ಎಲೆಯ ಮೇಲಿಂದ ಕಣ್ಣೆತ್ತಿ ನನ್ನನ್ನೇ ನೋಡಿದಳು. ನಾನು ಪಾಯಸದ ಕಡೆ ನೋಡಿದೆ.

ಮೊನ್ನೆ ಬೆಳಿಗ್ಗೆ ಕಂಪಲಾಪುರದಿಂದ ಸುಧಾಳ ತಮ್ಮ ಮಹದೇವ ಫೋನ್ ಮಾಡಿದ. ಅವತ್ತು ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತಿದ್ದವನು.

"ಬಾವ, ನಂದೂ ಬಿಚ್ಚಿವ್ನಿ. ಕ್ಲಾಂಪು ಒಂದೇ ಸಿಕ್ಕಿದ್ದು. ಸಾಕಲ್ವಾ?"

ಫೋನಿನಲ್ಲಿ ನಮ್ಮ ಅತ್ತೆಯ, ಅಂದರೆ ಅವನ ತಾಯಿಯ ದನಿಯೂ ಕೇಳಿಸುತ್ತಿತ್ತು. ಅವನ ತೀರಾ ಹತ್ತಿರದಲ್ಲೇ ಕೂತು ಯಾರನ್ನೋ ಮಾತಾಡಿಸುತ್ತಿದ್ದರು.

"ಕೈ ತೆಗಿ ಮಾದೇವ. ಸ್ಪ್ಯಾನರ್ ಕೆಳಗಿಡು" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ. ವಾಲಿದ ಸ್ಪ್ರಿಂಗು, ಕಿತ್ತ ಗೋಡೆ, ಚಪ್ಪಟೆಯಾದ ಬುಟ್ಟಿ, ಉಕ್ಕಿದ ಹಾಲು. ಅವನು ಅತ್ತೆಯನ್ನು ಒಳಗೆ ಹೋಗಲು ಹೇಳಿದ್ದು ಕೇಳಿಸಿತು. ಆಮೇಲೆ ಮೆಲ್ಲಗೆ, "ಅವತ್ತು ಊಟಕ್ಕೆ ಕೂತಿದ್ದಾಗ ಇದ್ನ ಯಾಕೆ ಹೇಳ್ನಿಲ್ಲ ಬಾವ?" ಎಂದ.

ಪಂಕ್ತಿಯಲ್ಲಿ ಎಲ್ಲರೂ ಮೆಚ್ಚಿ ನನ್ನನ್ನೇ ನೋಡುತ್ತಿದ್ದರು, ಅದಕ್ಕೇ ಎನ್ನಲೇ?